ನೆಲ ತಣ್ಣಗಾದ ಚಳಿಗಾಲ

ಬೆಚ್ಚಕ್ಕ ಹೋದ ಮೇಲೆ ಇದು ಮೊದಲ ಚಳಿಗಾಲ. ಅವಳು ಹೊಲಿದುಕೊಟ್ಟ ಹಾವುಗಳು ಅವಳಿದ್ದ ಕಟ್ಟಡದ ಒಂದೊಂದು ಬಾಗಿಲ ಬುಡದಲ್ಲೂ ಇನ್ನೂ ಮಲಗಿವೆ. ಬಸ್ಸಿನ ಸೀಟಿನ ರೆಕ್ಸಿನ್ನಿನಿಂದ ಮಾಡಿದ ಉದ್ದ ಚೀಲ, ಒಳಗೆ ಮರದ ಹೊಟ್ಟು, ಎರಡೂ ತುದಿಗೆ ಬಿಗಿಯಾದ ಗಂಟು. ಬಾಗಿಲು ಹಾಕಿದ ಮೇಲೆ ಕಾಲಿನಿಂದ ಸಂದಿಗೆ ಒತ್ತಿಬಿಟ್ಟರೆ ಗಾಳಿ ಹೊರಗೇ ನಿಲ್ಲುತ್ತದೆ. ಕೆಲವು ನೀಲಿ, ಕೆಲವು ಕಂದು. ಆಯಾ ವರ್ಷ ಯಾವ ಬಸ್ಸಿನ ಸೀಟು ಹರಿದಿತ್ತೋ ಆ ಬಣ್ಣ.

ತೀರಿಕೊಂಡವರ ಬಗ್ಗೆ ಒಳ್ಳೆಯ ಮಾತನ್ನೇ ಬರೆಯಬೇಕು ಎನ್ನುತ್ತಾರೆ. ಅವಳಿಗೆ ಅದು ಸರಿಬರುತ್ತಿರಲಿಲ್ಲ. "ಹೊಗಳೋದಾದ್ರೆ ಬದುಕಿದ್ದಾಗಲೇ ಹೊಗಳಿ, ಕಿವಿ ತುಂಬ ಕೇಳ್ಕೋತೀನಿ" ಎನ್ನುತ್ತಿದ್ದಳು. ಹಾಗಾಗಿ ಇದು ಅವಳು ಮಾಡಿಕೊಂಡ ಒಂದು ಎಡವಟ್ಟಿನ ಕಥೆ. ಅವಳೇ ಹತ್ತಾರು ಸಲ ಹೇಳಿ, ಪ್ರತಿ ಸಲವೂ ಎಲ್ಲರಿಗಿಂತ ಮೊದಲು ತಾನೇ ನಕ್ಕ ಕಥೆ.

ಅವಳ ನಿಜವಾದ ಹೆಸರು ಸಂಬಳದ ದಿನ ಮಾತ್ರ ಉಪಯೋಗಕ್ಕೆ ಬರುತ್ತಿತ್ತು. ಮಿಕ್ಕ ದಿನ ಅವಳು ಬೆಚ್ಚಕ್ಕ. ಬಸ್ ಡಿಪೋದ ಹಿಂಭಾಗದ ಶೆಡ್ಡಿನಲ್ಲಿ ಸೀಟು ರಿಪೇರಿ ಮಾಡುವುದು ಅವಳ ಕೆಲಸ. ಯಾರೋ ಬ್ಲೇಡು ಹಾಕಿ ಸೀಳಿದ ಸೀಟು, ಮಕ್ಕಳು ಬೆರಳಿಟ್ಟು ಕೆದಕಿ ಹೊಂಡ ಮಾಡಿದ ಸೀಟು, ಡ್ರೈವರುಗಳ ತೂಕಕ್ಕೆ ಒಂದೇ ಕಡೆ ಕುಸಿದ ಸೀಟು. ಹಳೆಯ ರೆಕ್ಸಿನ್ ಸುಲಿದು, ಒಳಗಿನ ಸ್ಪಂಜು ಕೊರೆದು ತೆಗೆದು, ಹೊಸದನ್ನು ತುಂಬಿ, ಬಿಲ್ಲಿನಂತೆ ಬಾಗಿದ ಸೂಜಿಯಿಂದ ಅಂಚು ಹೊಲಿದು ಮುಗಿಸುವಷ್ಟರಲ್ಲಿ ಅವಳಿಗೆ ಆ ಸೀಟಿನಲ್ಲಿ ಕೂತವರ ಜಾತಕವೇ ಗೊತ್ತಾಗಿರುತ್ತಿತ್ತು. "ಇದು ಆ ದಪ್ಪ ಡ್ರೈವರಣ್ಣನದ್ದು. ಹಿಂದಿನ ಜೇಬಲ್ಲಿ ಬೀಗದ ಕೈ ಗೊಂಚಲು ಇಟ್ಕೊಂಡು ಕೂರ್ತಾನೆ. ನೋಡಿ ಇಲ್ಲಿ, ತೂತು" ಎಂದು ತೋರಿಸುತ್ತಿದ್ದಳು. ಅವಳಿಗೊಂದು ಮದುವೆಯಾಗಿತ್ತು, ಉಳಿಯಲಿಲ್ಲ. ಅದರ ಬಗ್ಗೆ ಕೇಳಿದವರಿಗೂ ಸೀಟಿನ ಭಾಷೆಯಲ್ಲೇ ಉತ್ತರ: "ಸ್ಪ್ರಿಂಗು ಹೋದ ಸೀಟು ಅದು. ಮೇಲೆ ಎಷ್ಟು ಚೆಂದದ ಬಟ್ಟೆ ಹೊದಿಸಿದ್ರೂ ಚುಚ್ಚುತ್ತೆ."

ಆಮೇಲೆ ಅವಳು ತಾಯಿಯ ಜೊತೆಗೇ ಇದ್ದಳು. ರೈಲು ಹಳಿಗಳಿಗೆ ಮುಖ ಮಾಡಿದ ಹಳೆಯ ಕಟ್ಟಡದ ಎರಡನೆಯ ಮಹಡಿ. ಎರಡು ಕೋಣೆ, ಒಂದು ಅಡುಗೆಮನೆ, ಹಲಗೆಯ ನೆಲ, ಆಳೆತ್ತರದ ಕಿಟಕಿಗಳು. ಬಯಲಿನ ಗಾಳಿಗೆ ಆ ಕಿಟಕಿಗಳ ಗಾಜು ಚಳಿಗಾಲವಿಡೀ ಹಲ್ಲು ಕಡಿಯುತ್ತಿತ್ತು. ಇಡೀ ಮನೆಯನ್ನು ಹೀಟರಿನಿಂದ ಬೆಚ್ಚಗಿಡುವುದು ಸೀಟು ಹೊಲಿಯುವವಳ ಸಂಬಳಕ್ಕೆ ನಿಲುಕುವ ಮಾತಲ್ಲ. "ಮನೆ ಕಾಯಿಸೋದು ಸಾಹುಕಾರರ ಕೆಲಸ. ಇರೋ ಬಿಸಿ ಓಡಿಹೋಗದ ಹಾಗೆ ಹಿಡಿದಿಟ್ಕೊಳ್ಳೋದು ನಮ್ಮ ಕೆಲಸ" ಎನ್ನುವುದು ಅವಳ ಸಿದ್ಧಾಂತ.

ಚಳಿ ಕಾಲಿಡುವ ಮೊದಲೇ ಅವಳ ಸಿದ್ಧತೆ ಶುರುವಾಗುತ್ತಿತ್ತು. ಡಿಪೋದವರು ಗುಜರಿಗೆ ಹಾಕುವ ಸ್ಪಂಜಿನ ಚೂರುಗಳನ್ನು ಕೇಳಿ ತಂದು, ಬೆರಳಗಲದ ಪಟ್ಟಿ ಕತ್ತರಿಸಿ, ಕಿಟಕಿಯ ಚೌಕಟ್ಟಿನ ಸುತ್ತ ಅಂಟಿಸುವುದು. ಹಳೆಯ ಕಂಬಳಿಗಳನ್ನು ಜೋಡಿಸಿ ಹೊಲಿದ ಪರದೆ ತೂಗುಹಾಕುವುದು. ಬಿಸಿಲಿದ್ದಷ್ಟು ಹೊತ್ತು ಅದನ್ನು ಸರಿಸಿ, ಬಿಸಿಲು ಗೋಡೆಯಿಂದ ಇಳಿಯುತ್ತಿದ್ದಂತೆ ಎಳೆದುಬಿಡಬೇಕು. ಮುಂದಿನ ಕೋಣೆಯನ್ನು ಮುಚ್ಚಿ, ಊಟ, ಹೊಲಿಗೆ, ನಿದ್ದೆ ಎಲ್ಲವನ್ನೂ ತಾಯಿಯ ಕೋಣೆಗೇ ತರುವುದು. ಒಂದು ಪುಟ್ಟ ಹೀಟರನ್ನು ಬೆಳಗ್ಗೆ, ಸಂಜೆ ಸ್ವಲ್ಪ ಸ್ವಲ್ಪ ಉರಿಸುವುದು. ಅಷ್ಟಕ್ಕೇ ಆ ಕೋಣೆ ಎಷ್ಟು ಹಿತವಾಗಿರುತ್ತಿತ್ತೆಂದರೆ, ಬಂದವರು ಸ್ವೆಟರ್ ಬಿಚ್ಚುತ್ತಿದ್ದರು. ಬೆಚ್ಚಕ್ಕ ಅದನ್ನು ತೆಗೆದುಕೊಂಡು ಎಲ್ಲರಿಗೂ ಕಾಣುವ ಹಾಗೆ ಗೂಟಕ್ಕೆ ತಗುಲಿಸುತ್ತಿದ್ದಳು.

ಕಟ್ಟಡದವರೆಲ್ಲ ಅವಳ ಸಲಹೆ ಕೇಳಿದರು. ಮನೆಗೊಂದು ಹಾವಾಯಿತು. ಬೆಚ್ಚಕ್ಕ ಎನ್ನುವ ಹೆಸರೂ ಹಾಗೇ ಬಂತು.

ಆದರೆ ಆ ಎಡವಟ್ಟಿನ ವರ್ಷ ಅವಳ ಜಂಬದ ಮೇಲೆ ಒಂದು ಭಾರ ಕೂತಿತ್ತು. ಹಿಂದಿನ ಚಳಿಗಾಲದ ಕೊನೆಯಲ್ಲಿ ತಾಯಿಗೆ ಕೆಮ್ಮು ಎದೆಗಿಳಿದು ಆಸ್ಪತ್ರೆ ಸೇರುವಂತಾಗಿತ್ತು. ಊರಿನ ಇನ್ನೊಂದು ತುದಿಯಲ್ಲಿ, ಎಲ್ಲ ಕೋಣೆಗಳಲ್ಲೂ ಬಿಸಿಗಾಳಿ ಬರುವ ಹೊಸ ಮನೆಯಲ್ಲಿದ್ದ ದೊಡ್ಡ ಮಗಳು, ಬೆಚ್ಚಕ್ಕನ ಅಕ್ಕ, ಅಂದೇ ಹೇಳಿದ್ದಳು: "ಮುಂದಿನ ಚಳಿಗೆ ಅಮ್ಮ ಮತ್ತೆ ಕೆಮ್ಮಿದ್ರೆ ಸೀದಾ ನನ್ನ ಮನೆಗೆ ಕರ್ಕೊಂಡು ಹೋಗ್ತೀನಿ. ನಿನ್ನ ಸ್ಪಂಜಿನ ಪಟ್ಟಿ ಕಥೆ ಆಗ ನನಗೆ ಹೇಳ್ಬೇಡ."

ದೊಡ್ಡವಳು ಕೆಟ್ಟವಳಲ್ಲ. ಹೆದರಿದ್ದಳು, ಅಷ್ಟೇ. ಆದರೆ ಆಸ್ಪತ್ರೆಯಿಂದ ನೇರ ಅವಳ ಮನೆಗೆ ಹೋಗಿ ಕೆಲವು ವಾರ ಇದ್ದು ಬಂದ ತಾಯಿ ಅರ್ಧ ಮನುಷ್ಯಳಾಗಿದ್ದಳು. ಊಟ ಕಡಿಮೆ, ಮಾತು ಅದಕ್ಕಿಂತ ಕಡಿಮೆ.

"ಅಲ್ಲೇನು ಕಡಿಮೆಯಾಗಿತ್ತಮ್ಮ?" ಎಂದು ಬೆಚ್ಚಕ್ಕ ಕೇಳಿದಳು.

"ಏನೂ ಕಡಿಮೆ ಇರ್ಲಿಲ್ಲ. ಅಲ್ಲಿ ನಾನು ಕೂತಿರ್ತೀನಿ ಕಣೇ. ಇಲ್ಲಿ ಇರ್ತೀನಿ."

ಅದಕ್ಕೇ ಅವಳು ಆ ವರ್ಷ ಕಿಟಕಿಗೆ ಎರಡು ಸುತ್ತು ಪಟ್ಟಿ ಹಾಕಿದಳು. ತಾಯಿ ಕೆಮ್ಮಬಾರದು. ಕೆಮ್ಮಿದರೆ ಮನೆಯಲ್ಲಿ ತಾಯಿ ಇರುವುದಿಲ್ಲ.

ಅವರ ಮನೆಯ ಸರಿಯಾಗಿ ಕೆಳಗೆ, ಮೊದಲ ಮಹಡಿಯಲ್ಲಿ, ಗಡಿಯಾರ ರಿಪೇರಿಯವರು ಇದ್ದರು. ಹೆಂಡತಿ ತೀರಿಕೊಂಡ ಮೇಲೆ ಪೇಟೆಯ ಅಂಗಡಿ ಮುಚ್ಚಿ, ಮನೆಯಲ್ಲೇ ಕೆಲಸ ಮಾಡುತ್ತಿದ್ದ ವಯಸ್ಸಾದ ಮನುಷ್ಯ. ಗೋಡೆ ತುಂಬ ಗಡಿಯಾರಗಳು. ಎಲ್ಲವೂ ತಮ್ಮದೇ ಸರಿ ಎಂದು ಹಟ ಹಿಡಿದು ಒಂದರ ಹಿಂದೊಂದು ಗಂಟೆ ಹೊಡೆಯುತ್ತಿದ್ದವು. ಮೇಲಿನಿಂದ ಬೆಚ್ಚಕ್ಕನ ತಾಯಿ ಊರುಗೋಲು ತೆಗೆದುಕೊಂಡು ನೆಲಕ್ಕೆ ದಡದಡ ಕುಟ್ಟುತ್ತಿದ್ದಳು. ಅವರು ಆಕೆಗೆ ಇಟ್ಟ ಹೆಸರು ಕೋಲಮ್ಮ. ಆಕೆ ಅವರಿಗೆ ಇಟ್ಟ ಹೆಸರು ಟಿಕ್‌ಟಿಕ್ ಮನುಷ್ಯ. ವರ್ಷಗಟ್ಟಲೆ ಹಲಗೆಯ ಆಚೆ ಈಚೆ ಕೂತು ಗಂಟೆಯಲ್ಲೂ ಕೋಲಿನಲ್ಲೂ ಬೈದಾಡಿಕೊಂಡ ಇಬ್ಬರೂ ಎದುರೆದುರು ನಿಂತು ಮಾತಾಡಿದ್ದು ತೀರ ಕಡಿಮೆ.

ಚಳಿಗಾಲದ ಆರಂಭದಲ್ಲಿ ಗಡಿಯಾರದವರು ಮೆಟ್ಟಿಲು ಹತ್ತಿ ಬಂದು ಬಾಗಿಲಲ್ಲೇ ನಿಂತರು.

"ನನಗೂ ಏನಾದ್ರೂ ಒಂದು ಉಪಾಯ ಮಾಡಿಕೊಡಮ್ಮ. ಬೆರಳು ಮರಗಟ್ಟಿದ್ರೆ ನಾನು ಸ್ಕ್ರೂ ಹಿಡಿಯೋಕಾಗಲ್ಲ. ಅದಕ್ಕೇ ಬೆಳಗ್ಗೆಯಿಂದ ಮಲಗೋವರೆಗೂ ಕೋಣೆ ಕಾಯಿಸೋ ಒಲೆ ಉರಿಸ್ತೀನಿ. ಕಟ್ಟಿಗೆ ಒಲೆಗೆ ಹೋಗ್ತಿದೆಯೋ ನನ್ನ ಸಂಪಾದನೆ ಹೋಗ್ತಿದೆಯೋ ತಿಳೀತಿಲ್ಲ."

"ಅಷ್ಟು ದೊಡ್ಡ ಒಲೇನ ಒಬ್ಬರಿಗೋಸ್ಕರ ಉರಿಸ್ತೀರಾ ಮಾಮ? ಇರುವೆಗೆ ರಥ ಕಟ್ಟಿದ ಹಾಗಾಯ್ತು!" ಎಂದಳು ಬೆಚ್ಚಕ್ಕ. ಅವಳ ಕೈ ಆಗಲೇ ತುರಿಸತೊಡಗಿತ್ತು.

ಅವಳು ಮಾಡಿಕೊಟ್ಟದ್ದು ಒಳ್ಳೆಯ ಕೆಲಸ, ಅದರಲ್ಲಿ ಅನುಮಾನವಿಲ್ಲ. ಅವರ ಕೆಲಸದ ಮೇಜಿನ ಸುತ್ತ ನೆಲ ಮುಟ್ಟುವ ಹಾಗೆ ದಪ್ಪ ಲಂಗ ಹೊಲಿದಳು. ಹೊರಗೆ ರೆಕ್ಸಿನ್, ನಡುವೆ ಸ್ಪಂಜು, ಒಳಗೆ ಕಂಬಳಿ. ಮೇಜಿನ ಕೆಳಗೆ ಒಂದು ಮರದ ಪೆಟ್ಟಿಗೆ, ಅದರೊಳಗೆ ಕುದಿಯುವ ನೀರು ತುಂಬಿದ ಮುಚ್ಚಳದ ಕ್ಯಾನು. ಕೂತು ಲಂಗವನ್ನು ಸೊಂಟದವರೆಗೆ ಎಳೆದುಕೊಂಡರೆ ಕಾಲಿಗೆ ಬಿಸಿ. ಬೆರಳು ತಣ್ಣಗಾದಾಗ ಕೈ ಒಳಗೆ ಬಿಟ್ಟರೆ ಕೈಗೂ ಬಿಸಿ. ಬೆಳಗ್ಗೆ ಒಂದು ಸಲ, ಮಧ್ಯಾಹ್ನ ಒಂದು ಸಲ ಗ್ಯಾಸಿನ ಮೇಲೆ ನೀರು ಕಾಯಿಸಿದರೆ ದಿನ ಕಳೆಯುತ್ತಿತ್ತು. ಗಡಿಯಾರದವರು ಕೂತು ನೋಡಿ, ಕಣ್ಣು ಮುಚ್ಚಿ, ಹೆಂಡತಿ ಹೋದ ಮೇಲೆ ಯಾರೂ ತನಗೆ ಹೀಗೆ ಹೊದಿಸಿರಲಿಲ್ಲ ಎಂದರು. ಬೆಚ್ಚಕ್ಕ ಲಂಗದ ಅಂಚನ್ನು ಇನ್ನೊಮ್ಮೆ ಎಳೆದು ನೋಡಿದಳು.

ಅದಾದ ಕೆಲವು ದಿನಕ್ಕೆ ಮೇಲಿನ ಮನೆ ತಣ್ಣಗಾಗತೊಡಗಿತು.

ಮೊದಲು ಗೊತ್ತಾದದ್ದು ತಾಯಿಗೆ. ಬೆಳಗ್ಗೆ ಎದ್ದು ಬರಿಗಾಲನ್ನು ನೆಲಕ್ಕಿಟ್ಟವಳು ಹಾಗೇ ಮೇಲಕ್ಕೆತ್ತಿಕೊಂಡಳು.

"ನೆಲ ಸತ್ತುಹೋಗಿದೆ ಕಣೇ."

"ನೆಲ ಯಾವತ್ತು ಬದುಕಿತ್ತಮ್ಮ? ಕಾಲುಚೀಲ ಹಾಕ್ಕೋ."

"ಬದುಕಿತ್ತು. ನಿನಗೆ ಗೊತ್ತಿಲ್ಲ, ನೀನು ಹಗಲೆಲ್ಲ ಡಿಪೋದಲ್ಲಿರ್ತೀಯ. ನಾನು ಇದರ ಮೇಲೇ ಕಾಲಿಟ್ಕೊಂಡು ಕೂತಿರ್ತೀನಿ."

ಬೆಚ್ಚಕ್ಕ ತಾಯಿಯ ಮಾತನ್ನು ಕಿವಿಗೆ ಹಾಕಿಕೊಳ್ಳಲಿಲ್ಲ. ಎಲ್ಲೋ ಸಂದಿ ಬಿಟ್ಟಿದೆ ಎಂದು ಹುಡುಕಲು ಹೊರಟಳು. ಕಿಟಕಿಯ ಪಟ್ಟಿಗಳನ್ನೆಲ್ಲ ಕಿತ್ತು ಹೊಸದಾಗಿ ಅಂಟಿಸಿದಳು. ಊದುಬತ್ತಿ ಹಚ್ಚಿ ಗೋಡೆಯುದ್ದಕ್ಕೂ ಹಿಡಿದು, ಹೊಗೆ ಎಲ್ಲಿ ಅಲುಗುತ್ತದೆ ಎಂದು ನೋಡಿದಳು. ವಿದ್ಯುತ್ ಸ್ವಿಚ್ಚಿನ ತೂತಿಗೂ ಸ್ಪಂಜು ತುರುಕಿದಳು. ಬಾಗಿಲಿಗೆ ಒಂದರ ಬದಲು ಎರಡು ಹಾವು ಮಲಗಿಸಿದಳು. ತಾಯಿ ಮಂಚದ ಮೇಲೆ ಕಾಲು ಮಡಚಿ ಕೂತು ನೋಡುತ್ತಿದ್ದಳು. "ಇನ್ನು ನನ್ನ ಬಾಯಿ ಒಂದಕ್ಕೆ ಪಟ್ಟಿ ಹಾಕಿಲ್ಲ ನೀನು."

ಕೋಣೆ ಮಾತ್ರ ತಣ್ಣಗೇ ಇತ್ತು. ಹೀಟರನ್ನು ಹೆಚ್ಚು ಹೊತ್ತು ಉರಿಸಿದರೂ, ಆರಿಸಿದ ಸ್ವಲ್ಪ ಹೊತ್ತಿಗೆ ಬಿಸಿ ಎಲ್ಲಿಗೋ ಇಳಿದುಹೋಗುತ್ತಿತ್ತು. ಅಷ್ಟರಲ್ಲಿ ತಾಯಿ ಕೆಮ್ಮಿದಳು. ಮೊದಲು ಗಂಟಲಲ್ಲಿ, ಆಮೇಲೆ ಸ್ವಲ್ಪ ಕೆಳಗೆ. ಫೋನಿನಲ್ಲಿ ದೊಡ್ಡ ಮಗಳ ಜೊತೆ ಮಾತಾಡುವಾಗ ತಡೆದುಕೊಳ್ಳಲು ನೋಡಿ, ಆಗದೆ, ಇನ್ನೂ ಜೋರಾಗಿ ಕೆಮ್ಮಿದಳು.

"ಭಾನುವಾರ ಗಾಡಿ ತರ್ತೀನಿ" ಎಂದಳು ದೊಡ್ಡವಳು, ತಂಗಿಯನ್ನು ಫೋನಿಗೆ ಕರೆದು. "ಬಟ್ಟೆ ತೆಗೆದಿಡು. ವಾದ ಮಾಡ್ಬೇಡ."

ಮಾರನೆಯ ದಿನ ಬೆಚ್ಚಕ್ಕ ಡಿಪೋದಿಂದ ಬರುವಾಗ ಇನ್ನೊಂದು ಚೀಲ ಸ್ಪಂಜು ಹೊತ್ತು ತಂದಳು. ಯಾವ ಸಂದಿಗೆ ಎಂದು ಅವಳಿಗೇ ಗೊತ್ತಿರಲಿಲ್ಲ. ಮೊದಲ ಮಹಡಿಯ ಬಾಗಿಲು ತೆರೆದಿತ್ತು. ಗಡಿಯಾರದವರು ಅವಳನ್ನು ಕಂಡು ಮೇಜಿನ ಹಿಂದಿನಿಂದಲೇ ಕೂಗಿದರು.

"ಬಾಮ್ಮ, ಬಾ! ನಿನ್ನ ಮೇಜಿನ ಪುಣ್ಯ, ಒಲೆ ಹಚ್ಚೋದನ್ನೇ ಮರೆತಿದ್ದೀನಿ. ನೋಡು, ಅದೂ ಈಗ ಗಡಿಯಾರ ಇಡೋ ಕಟ್ಟೆ ಆಗಿದೆ."

ಅವಳು ಒಳಗೆ ಹೋಗಿ ನೋಡಿದಳು. ಗೋಡೆಯ ಪಕ್ಕದ ಆ ಭಾರಿ ಕಬ್ಬಿಣದ ಒಲೆಯ ಮೇಲೆ ಅಲಾರಂ ಗಡಿಯಾರಗಳು ಸಾಲಾಗಿ ಕೂತಿದ್ದವು. ಕೈ ಇಟ್ಟಳು. ಐಸಿನಂತಿತ್ತು. ಹಾಗೇ ಕತ್ತೆತ್ತಿ ಛಾವಣಿ ನೋಡಿದಳು. ಹಲಗೆಗಳು. ಅವುಗಳ ಆಚೆ ತಾಯಿಯ ಮಂಚ.

ಸ್ಪಂಜಿನ ಚೀಲ ಕೆಳಗಿಟ್ಟು ಅವಳು ಒಲೆಯ ಪಕ್ಕದ ಸ್ಟೂಲಿನ ಮೇಲೆ ಕೂತಳು. ಕಂಕುಳಲ್ಲಿ ಕೂಸಿಟ್ಟುಕೊಂಡು ಊರೆಲ್ಲ ಹುಡುಕಿದಂತಾಗಿತ್ತು. ಆ ಕೋಣೆಯನ್ನು ಇಷ್ಟು ವರ್ಷ ಬೆಚ್ಚಗಿಟ್ಟದ್ದು ತನ್ನ ಪಟ್ಟಿಯಲ್ಲ, ಪರದೆಯಲ್ಲ, ಆ ಪುಟ್ಟ ಹೀಟರೂ ಅಲ್ಲ. ಅವೆಲ್ಲ ಹಿಡಿದಿಟ್ಟದ್ದು ಈ ಒಲೆಯ ಬಿಸಿಯನ್ನು. ಯಾರ ಬೆಂಕಿಯಿಂದ ತನ್ನ ತಾಯಿ ಬೆಚ್ಚಗಿದ್ದಳೋ ಅವರಿಗೇ ಬುದ್ಧಿ ಹೇಳಿ, ದಪ್ಪ ಲಂಗ ಹೊಲಿದುಕೊಟ್ಟು, ತಾನೇ ಕೈಯಾರೆ ಆ ಬೆಂಕಿ ಆರಿಸಿದ್ದಳು.

"ಯಾಕಮ್ಮ, ಮುಖ ಹೀಗಾಯ್ತು?"

ಅವಳು ಹೇಳಿದಳು. ಗಡಿಯಾರದವರು ಕಣ್ಣಿಗೆ ಹಾಕಿದ್ದ ಭೂತಗನ್ನಡಿ ತೆಗೆದು ಮೇಲೆ ನೋಡಿದರು, ಕೆಳಗೆ ನೋಡಿದರು.

"ಅಷ್ಟೇನಾ? ಈಗಲೇ ಹಚ್ತೀನಿ."

"ಬೇಡ ಮಾಮ. ಕಟ್ಟಿಗೆ ತರೋಕಾಗಲ್ಲ ಅಂತಲೇ ನೀವು ನನ್ನ ಹತ್ರ ಬಂದಿದ್ದು."

"ಹಚ್ತೀನಿ ಅಂದೆನಲ್ಲ."

"ಹಾಗಾದ್ರೆ ಕಟ್ಟಿಗೆ ನಾನು ತರ್ತೀನಿ."

ಅವರ ಮುಖ ಬಿಗಿಯಾಯಿತು. "ಬಿಸಿ ಮಾರೋ ಅಂಗಡಿ ಇಟ್ಟಿಲ್ಲ ನಾನು. ಮೇಲಕ್ಕೆ ಹೋದದ್ದು ತಾನಾಗಿ ಹೋಯ್ತು. ಅದಕ್ಕೆ ಬಾಡಿಗೆ ತಗೊಳ್ಳೋನಲ್ಲ." ಅವರು ಪುಕ್ಕಟೆ ಕೊಡುವುದನ್ನು ಅವಳು ತಗೊಳ್ಳುವವಳಲ್ಲ, ಅವಳು ಕೊಡುವುದನ್ನು ಅವರು ಮುಟ್ಟುವವರಲ್ಲ. ಇಬ್ಬರು ಬಡವರ ನಡುವೆ ಒಲೆ ತಣ್ಣಗೇ ಉಳಿಯಿತು.

ಮೇಲೆ ಬಂದು ತಾಯಿಗೆ ಎಲ್ಲವನ್ನೂ ಹೇಳಿದಳು. ತಾಯಿ ಮೊದಲು ನಕ್ಕಳು. ನಗು ಕೆಮ್ಮಾಯಿತು. ಕೆಮ್ಮು ನಿಂತ ಮೇಲೆ, "ಊರಿಗೆ ಉಪಕಾರ ಮಾಡಬೇಡ ಅಂತ ದೊಡ್ಡೋರು ಸುಮ್ನೆ ಹೇಳಿಲ್ಲ" ಎಂದಳು. ಆಮೇಲೆ ನೆಲವನ್ನೇ ನೋಡುತ್ತಿದ್ದಳು. ಎಷ್ಟೋ ವರ್ಷಗಳಿಂದ ಕೋಲಿನಲ್ಲಿ ಕುಟ್ಟಿ ಕುಟ್ಟಿ, ಮಂಚದ ಪಕ್ಕದ ಹಲಗೆಯ ಮೇಲೆ ಒಂದು ಗುಳಿಯೇ ಬಿದ್ದಿತ್ತು.

"ನನ್ನ ಶಾಲು ಕೊಡು" ಎಂದಳು.

"ಎಲ್ಲಿಗೆ?"

"ಕೆಳಕ್ಕೆ."

ಮಂಡಿ ನೋವಿಗೆ ಆಕೆ ಮೆಟ್ಟಿಲು ಇಳಿಯುವುದನ್ನೇ ಬಿಟ್ಟಿದ್ದಳು. ಈಗ ಒಂದು ಕೈ ಮಗಳ ಭುಜದ ಮೇಲೆ, ಇನ್ನೊಂದು ಕೈಯಲ್ಲಿ ಕೋಲು. ಮೆಟ್ಟಿಲಿಗೊಂದು ಕುಟ್ಟು, ಕುಟ್ಟಿಗೊಂದು ನಿಟ್ಟುಸಿರು. ಕೋಲಿನ ಸದ್ದು ಎಂದೂ ಇಲ್ಲದ ದಿಕ್ಕಿನಿಂದ ಬರುವುದನ್ನು ಕೇಳಿ ಗಡಿಯಾರದವರು ಎದ್ದು ಬಾಗಿಲಿಗೆ ಬಂದಿದ್ದರು.

ಆಕೆ ಒಳಗೆ ಹೋಗಿ ಕೂತು, ಉಸಿರು ಸರಿಮಾಡಿಕೊಂಡು, ಸುತ್ತಲಿನ ಗಡಿಯಾರಗಳನ್ನು ಒಂದೊಂದಾಗಿ ನೋಡಿದಳು. ಯಾರು ಯಾರು ತನ್ನ ನಿದ್ದೆ ಕೆಡಿಸಿದ್ದೆಂದು ಗುರುತು ಹಿಡಿಯುವವಳಂತೆ.

"ಇಷ್ಟು ವರ್ಷ ನಿಮ್ಮ ಬೆಂಕಿ ಕಾಯಿಸ್ಕೊಂಡು ನಿಮ್ಮನ್ನೇ ಬೈದೆ. ಅದು ಆಯ್ತು. ಇನ್ಮೇಲೆ ಒಲೆ ನಿಮ್ಮದು, ಕಟ್ಟಿಗೆ ನಮ್ಮದು."

"ಅದಾಗಲ್ಲ ತಾಯಿ. ನಾನು ತಗೊಳ್ಳಲ್ಲ."

"ತಗೊಳ್ಳದಿದ್ರೆ ನಾನು ಕುಟ್ಟೋದು ನಿಲ್ಸಲ್ಲ. ಬೆಳಗ್ಗೆ, ಸಂಜೆ, ಗಂಟೆ ಹೊಡೆದ್ರೂ ಕುಟ್ತೀನಿ, ಹೊಡೀದಿದ್ರೂ ಕುಟ್ತೀನಿ. ದೊಡ್ಡ ಮಗಳ ಮನೆಗೆ ಕರ್ಕೊಂಡು ಹೋದ್ರೆ ಈ ಕೋಲನ್ನ ಇವಳ ಕೈಗೆ ಕೊಟ್ಟು ಹೋಗ್ತೀನಿ."

ಗಡಿಯಾರದವರು ಬೆಚ್ಚಕ್ಕನ ಕಡೆ ನೋಡಿದರು. ಅವಳು ಕೈ ಚೆಲ್ಲಿದಳು. "ಹೇಳಿದ್ದು ಮಾಡ್ತಾರೆ ಮಾಮ. ನಾನು ಹುಟ್ಟಿದಾಗಿನಿಂದ ನೋಡ್ತಿದ್ದೀನಿ."

"ಮನೆಗೊಂದು ಹಾವು ಸಾಲದು ಅಂತ ಈಗ ಕೋಲೂ ಬಂತಾ?" ಎಂದು ಅವರು ಗೊಣಗಿದರು. ಆದರೆ ಒಲೆಯ ಮೇಲಿನ ಅಲಾರಂ ಗಡಿಯಾರಗಳನ್ನು ಆಗಲೇ ಎತ್ತಿ ಕಿಟಕಿಯ ಕಟ್ಟೆಗೆ ಸಾಗಿಸತೊಡಗಿದ್ದರು.

ಮಿಕ್ಕದ್ದನ್ನು ಬೆಚ್ಚಕ್ಕ ಲೆಕ್ಕ ಹಾಕಿದಳು. ಬೆಳಗಿನಿಂದ ಮಧ್ಯಾಹ್ನದವರೆಗೆ ಅವರಿಗೆ ಮೇಜಿನ ಲಂಗವೇ ಸಾಕು. ಆ ಹೊತ್ತು ತಾಯಿಯೂ ಹಾಸಿಗೆಯಲ್ಲಿ ಬೆಚ್ಚಗಿರುತ್ತಾಳೆ. ಊಟವಾದ ಮೇಲೆ ಒಲೆ ಹಚ್ಚಿದರೆ ಸಂಜೆಯ ಹೊತ್ತಿಗೆ ಮೇಲಿನ ಹಲಗೆ ಕಾಯುತ್ತದೆ, ಮಲಗುವವರೆಗೂ ಕಾದೇ ಇರುತ್ತದೆ. ಮೇಲಿನ ಹೀಟರನ್ನು ಪೂರ್ತಿ ಆರಿಸಿಬಿಡಬಹುದು. ಡಿಪೋದಲ್ಲಿ ಹಳೆಯ ಬಸ್ಸುಗಳ ಸೀಟಿನಡಿಯಿಂದ ಬಿಚ್ಚಿದ ಮರದ ಪಟ್ಟಿಗಳು ರಾಶಿ ಬಿದ್ದಿದ್ದವು. ಕೆಲಸದವರಿಗೆ ಅದನ್ನು ಅಗ್ಗದಲ್ಲಿ ಬಿಡುತ್ತಿದ್ದರು. ಆ ವಾರ ಅವಳ ಜೊತೆ ಕೆಲಸ ಮಾಡುವವರು ಒಬ್ಬೊಬ್ಬರೂ ಒಂದೊಂದು ಹೊರೆ ಹೊತ್ತು ಆ ಮೆಟ್ಟಿಲು ಹತ್ತಿದರು. ದಪ್ಪ ಡ್ರೈವರಣ್ಣ ತನ್ನ ಹೊರೆ ಇಳಿಸಿ, "ನನ್ನ ಸೀಟಿನ ಕೆಳಗಿದ್ದ ಮರವೂ ಇದೆ ಇದರಲ್ಲಿ. ಚೆನ್ನಾಗಿ ಉರಿಯುತ್ತೆ, ಎಷ್ಟು ವರ್ಷ ಕಾಯಿಸಿದ್ದೀನಿ ಅದನ್ನ!" ಎಂದ.

ಭಾನುವಾರ ಸಂಜೆ ದೊಡ್ಡ ಮಗಳು ಬಂದಳು. ಕೈಯಲ್ಲಿ ಎರಡು ಹೊಸ ಕಂಬಳಿ, ಬಾಯಲ್ಲಿ ದಾರಿಯುದ್ದಕ್ಕೂ ಜೋಡಿಸಿಕೊಂಡ ಮಾತು. ಹೊರಗೆ ಶೂ ಬಿಚ್ಚಿ, "ಬಟ್ಟೆ ತೆಗೆದಿಟ್ಟಿದ್ದೀಯಾ?" ಎನ್ನುತ್ತಲೇ ತಾಯಿಯ ಕೋಣೆಗೆ ಕಾಲಿಟ್ಟವಳು ಅಲ್ಲೇ ನಿಂತಳು. ಒಂದು ಹೆಜ್ಜೆ ಹಿಂದಿಟ್ಟಳು, ಮತ್ತೆ ಮುಂದಿಟ್ಟಳು. ಬಗ್ಗಿ ಅಂಗೈಯಿಂದ ಹಲಗೆ ಮುಟ್ಟಿ ನೋಡಿದಳು.

"ಇದೇನೇ ಇದು, ನೆಲದಡಿಗೆ ಏನಿಟ್ಟಿದ್ದೀಯ?"

ಉತ್ತರ ಕೊಟ್ಟದ್ದು ತಾಯಿ. "ಟಿಕ್‌ಟಿಕ್ ಮನುಷ್ಯನ್ನ."

ದೊಡ್ಡವಳು ಮಂಚದ ಪಕ್ಕ ಕೂತು ತಾಯಿಯ ಪಾದಗಳನ್ನು ಮುಟ್ಟಿದಳು. ಬರಿಗಾಲು, ನೆಲದ ಮೇಲಿದ್ದವು, ಬಿಸಿಯಾಗಿದ್ದವು. ಬೆನ್ನಿಗೆ ಕಿವಿಯಿಟ್ಟು ಉಸಿರು ಕೇಳಿದಳು. ಕೆಮ್ಮು ಪೂರ್ತಿ ಹೋಗಿರಲಿಲ್ಲ, ಆದರೆ ಎದೆಯಿಂದ ಗಂಟಲಿಗೆ ಹತ್ತಿತ್ತು. ಸ್ವಲ್ಪ ಹೊತ್ತಿಗೆ ತನ್ನ ಸ್ವೆಟರ್ ಬಿಚ್ಚಿದಳು.

ಬೆಚ್ಚಕ್ಕ ಎದ್ದು ಅದನ್ನು ತೆಗೆದುಕೊಂಡು ಗೂಟಕ್ಕೆ ತಗುಲಿಸಿದಳು. ಈ ಸಲ ಎಲ್ಲರಿಗೂ ಕಾಣುವ ಹಾಗೇನೂ ತಗುಲಿಸಲಿಲ್ಲ. ಕೆಳಗೆ ಗಡಿಯಾರಗಳು ಒಂದರ ಹಿಂದೊಂದು ಹೊಡೆಯತೊಡಗಿದವು. ತಾಯಿಯ ಕೈ ಅಭ್ಯಾಸಬಲದಿಂದ ಕೋಲಿನ ಕಡೆ ಹೋಗಿ, ಅರ್ಧದಲ್ಲೇ ನಿಂತು, ಮಡಿಲಿಗೆ ಮರಳಿತು. ದೊಡ್ಡವಳು ತಂದ ಗಾಡಿ ಖಾಲಿ ವಾಪಸ್ಸು ಹೋಯಿತು. ಕಂಬಳಿಗಳು ಇಲ್ಲೇ ಉಳಿದವು.

ತಾಯಿ ಆಮೇಲೆ ಇನ್ನೂ ಹಲವು ಚಳಿಗಾಲ ಅದೇ ನೆಲದ ಮೇಲೆ ಕಾಲಿಟ್ಟು ಕೂತಳು. ಕೊನೆಗೆ ಹೋದದ್ದು ಒಂದು ಬೇಸಗೆಯಲ್ಲಿ, ತನ್ನ ಮಂಚದಲ್ಲೇ. ಬೆಚ್ಚಕ್ಕನಿಗೆ ಅಷ್ಟು ವರ್ಷ ಸಿಗಲಿಲ್ಲ. ಕಳೆದ ಬೇಸಗೆಯ ಕೊನೆಯಲ್ಲಿ, ಇನ್ನೂ ಕಿಟಕಿಗಳಿಗೆ ಪಟ್ಟಿ ಹಾಕುವ ಕಾಲ ಬರುವ ಮೊದಲೇ, ಶೆಡ್ಡಿನಲ್ಲಿ ಸೂಜಿ ಹಿಡಿದು ಕೂತವಳು ಪಕ್ಕಕ್ಕೆ ವಾಲಿದಳು. ಡಾಕ್ಟರು ಹೃದಯ ಎಂದರು. ಅರ್ಧ ಹೊಲಿದಿದ್ದ ಆ ಸೀಟನ್ನು ಬೇರೆಯವರು ಮುಗಿಸಿದರು. ಹೊಲಿಗೆ ಎಲ್ಲಿ ಬದಲಾಗಿದೆಯೆಂದು ಗೊತ್ತಿದ್ದವರಿಗೆ ಅದು ಈಗಲೂ ಕಾಣುತ್ತದೆ.

ಎರಡನೆಯ ಮಹಡಿಗೆ ಹೊಸ ಬಾಡಿಗೆದಾರರು ಬಂದಿದ್ದಾರೆ. ಚಿಕ್ಕ ವಯಸ್ಸಿನ ಗಂಡ ಹೆಂಡತಿ, ಇನ್ನೂ ತೆವಳುವ ಒಂದು ಮಗು. ಗಡಿಯಾರದವರಿಗೆ ಈಗ ಮುಪ್ಪು ಪೂರ್ತಿ ಬಂದಿದೆ, ಕೆಲಸ ಕಡಿಮೆ. ಆದರೂ ಊಟವಾದ ಮೇಲೆ ಒಲೆ ಹಚ್ಚುತ್ತಾರೆ. ಡಿಪೋದಿಂದ ಮರದ ಪಟ್ಟಿಯ ಹೊರೆ ಈಗಲೂ ಬರುತ್ತದೆ. ಬೇಡ ಎಂದು ಅವರು ಈಗಲೂ ಹೇಳುತ್ತಾರೆ, ತಂದವರು ಇಳಿಸಿ ಹೋಗುತ್ತಾರೆ.

ಮೊನ್ನೆ ಮೆಟ್ಟಿಲ ಮೇಲೆ ಮಗುವಿನ ತಾಯಿ ಅದನ್ನು ಎತ್ತಿಕೊಂಡು ಗಡಿಯಾರದವರಿಗೆ ಹೇಳುತ್ತಿದ್ದಳು. "ಅಜ್ಜ, ನಮ್ಮ ಮನೆ ಎಷ್ಟು ಬೆಚ್ಚಗಿದೆ ಗೊತ್ತಾ? ಹೀಟರೇ ಬೇಡ. ಇವನು ದಿನವೆಲ್ಲ ನೆಲದ ಮೇಲೇ ಇರ್ತಾನೆ. ಮುಂಚೆ ಇದ್ದವರು ಯಾರೋ ಕಿಟಕಿಗೆಲ್ಲ ಬಹಳ ಚೆನ್ನಾಗಿ ಪಟ್ಟಿ ಹಾಕಿದ್ದಾರೆ. ಅದಕ್ಕೇ ಇರ್ಬೇಕು, ಅಲ್ವಾ?"

ಗಡಿಯಾರದವರು ಮಗುವಿನ ಪಾದವನ್ನು ಎರಡು ಬೆರಳಲ್ಲಿ ಹಿಡಿದು ನೋಡಿದರು.

"ಅದಕ್ಕೇ ಕಣಮ್ಮ" ಎಂದರು. "ಅವಳು ಹಾಕಿದ್ದು."